ದೊರೆಸಾನಿಯ ಚಿಪ್ಪಿನ ಪಾಯಸ

ಹಾಲಿನ ಪಾತ್ರೆಯ ತಳ ಕೆರೆಯುವುದಕ್ಕೆಂದು ನಮ್ಮ ಅಡುಗೆಮನೆಯಲ್ಲಿ ಒಂದು ಕಪ್ಪೆಚಿಪ್ಪು ಇದೆ. ನಿಮ್ಮ ಮನೆಯಲ್ಲೂ ಇದ್ದೀತು. ತಳ ಹತ್ತಿದ ಕಂದು ಕೆನೆಯನ್ನು ಚಿಪ್ಪಿನಿಂದ ಕರಕರ ಕೆರೆದು, ಯಾರೂ ನೋಡದಾಗ ಬಾಯಿಗೆ ಹಾಕಿಕೊಳ್ಳುವ ಸುಖ ಗೊತ್ತಿಲ್ಲದವರ ಜೊತೆ ನನಗೆ ಹೆಚ್ಚು ಮಾತಿಲ್ಲ. ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಹೆಂಗಸು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಈ ಬೆಟ್ಟದ ಮೇಲೆ ಸಮುದ್ರದ ಚಿಪ್ಪು ಎಲ್ಲಿಂದ ಬಂತು ಎಂದು ಕೇಳಿದಳು. ಕೋಳಿಕ್ಕೋಡಿನಿಂದ ಬಸ್ಸು ಹತ್ತಿ, ಗೂಡಲೂರಿನ ಮೇಲೆ ಹಾದು ಬಂತು ಎಂದೆ. ಗೇಲಿ ಮಾಡುತ್ತಿದ್ದೇನೆಂದುಕೊಂಡು ಮುಖ ಊದಿಸಿಕೊಂಡು ಹೋದಳು. ನಿಜ ಹೇಳಿದರೆ ಮುನಿಯುವ ಜನಕ್ಕೆ ನಾನೇನು ಮಾಡಲಿ? ನೀವಾದರೂ ಕೂತು ಕೇಳಿ.

ನಮ್ಮಪ್ಪ ನಂಜಪ್ಪ, ಊಟಿಯಿಂದ ಸೋಲೂರಿಗೆ ಹೋಗುವ ದಾರಿಯ ಒಂದು ಬಂಗಲೆಯಲ್ಲಿ ದೊರೆಗೆ ಅಡುಗೆ ಮಾಡುತ್ತಿದ್ದ. ಗುಂಡ್ಲುಪೇಟೆ ಕಡೆ ಹುರುಳಿ ಬಿತ್ತಿಕೊಂಡಿದ್ದವನು ಯಾರದೋ ಮಾತು ಕೇಳಿ ಬೆಟ್ಟ ಹತ್ತಿದ. ಮೊದಲು ದೊರೆಯ ಕುದುರೆಗೆ ಹುಲ್ಲು ಹಾಕಿದ, ಆಮೇಲೆ ದೊರೆಗೆ ಊಟ ಹಾಕಿದ. ಇಬ್ಬರಲ್ಲಿ ಕುದುರೆಗೇ ರುಚಿ ಹೆಚ್ಚು ಗೊತ್ತಿತ್ತು ಎನ್ನುತ್ತಿದ್ದ. ದೊರೆ ಒಂಟಿ ಆಸಾಮಿ. ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡು, ತಟ್ಟೆಗೆ ಏನು ಬಿತ್ತೋ ಅದನ್ನು ತಿಂದು, "ಗುಡ್, ನಂಜ" ಎಂದು ಏಳುತ್ತಿದ್ದ. ಒಂದು ದಿನ ಅಪ್ಪ ಸೂಪು ಹಾಕುವುದನ್ನೇ ಮರೆತು ಖಾಲಿ ಬಟ್ಟಲು ಇಟ್ಟಾಗಲೂ "ಗುಡ್, ನಂಜ" ಎಂದನಂತೆ. ಇದು ಅಪ್ಪನೇ ಹೇಳಿದ್ದು. ನಾನು ಪೂರ್ತಿ ನಂಬಿಲ್ಲ, ಆದರೆ ಬಿಟ್ಟುಕೊಡಲೂ ಮನಸ್ಸಿಲ್ಲ.

ಇಂಥ ದೊರೆ ಸಿಕ್ಕಿದ್ದು ಅಪ್ಪನ ಪುಣ್ಯ. ಏಕೆಂದರೆ ಅಪ್ಪ ತಾನು ಮಾಡಿದ್ದನ್ನು ರುಚಿ ನೋಡುತ್ತಿರಲಿಲ್ಲ. ಕುರಿ, ಕೋಳಿ, ಹಂದಿ, ಮೀನು ಎಲ್ಲವನ್ನೂ ಬೇಯಿಸುತ್ತಿದ್ದ, ಯಾವುದನ್ನೂ ನಾಲಿಗೆಗೆ ಮುಟ್ಟಿಸುತ್ತಿರಲಿಲ್ಲ. ಅದಕ್ಕೆ ಕಾರಣ ನಾನು. ನನ್ನನ್ನು ಹೆತ್ತು ಅವ್ವ ತೀರಿಕೊಂಡಳು. ನಾನು ಅಂಬೆಗಾಲಿಡುವ ಹೊತ್ತಿಗೆ ನನಗೂ ಸಾಯುವಂಥ ಜ್ವರ ಬಂತು. ಅಪ್ಪ ಬಂಗಲೆಯ ಹಿಂದಿನ ದಿಬ್ಬ ಹತ್ತಿ, ಮಾದಪ್ಪನ ಬೆಟ್ಟ ಯಾವ ದಿಕ್ಕಿಗೆ ಇದೆಯೆಂದು ಅಂದಾಜು ಮಾಡಿಕೊಂಡು ಆ ಕಡೆಗೆ ಕೈ ಮುಗಿದ. ಮಗು ಉಳಿದರೆ ಇನ್ನು ಮೇಲೆ ಮಾಂಸ ಮೀನು ಬಾಯಿಗಿಡುವುದಿಲ್ಲ ಎಂದು ಹರಕೆ ಕಟ್ಟಿಕೊಂಡ. ನಾನು ಉಳಿದೆ. ಬೆಲ್ಲ ಬಿಡುತ್ತೇನೆ, ಹೊಗೆಸೊಪ್ಪು ಬಿಡುತ್ತೇನೆ ಎಂದಿದ್ದರೆ ಮಾದಪ್ಪ ಬೇಡ ಎನ್ನುತ್ತಿದ್ದನೇ? ಗಾಬರಿಯಲ್ಲಿ ಅಪ್ಪನಿಗೆ ತನ್ನ ಕಸುಬು ಯಾವುದೆಂಬುದೇ ಮರೆತುಹೋಗಿತ್ತು.

ಅಂದಿನಿಂದ ಅಪ್ಪ ಮೂಗಿನಿಂದ ಅಡುಗೆ ಮಾಡಿದ. ಈರುಳ್ಳಿ ಎಷ್ಟು ಹುರಿದಿದೆ, ಮಾಂಸ ಎಷ್ಟು ಬೆಂದಿದೆ ಎಲ್ಲ ಮೂಗಿಗೇ ಗೊತ್ತಾಗುತ್ತಿತ್ತು. ಉಪ್ಪು ಮಾತ್ರ ಮೂಗಿಗೆ ದಕ್ಕುವ ಪದಾರ್ಥವಲ್ಲ. ಅದಕ್ಕೆ ನಾನಿದ್ದೆ. ಬಂಗಲೆಯ ಅಡುಗೆಕೋಣೆಯಿಂದ ಅಂಗಳ ದಾಟಿ ಆಳುಗಳ ಸಾಲಿನ ನಮ್ಮ ಲೈನುಮನೆಗೆ ಬಂದು, ಅಪ್ಪ ಸೌಟು ಚಾಚಿ "ನೋಡು ಕೂಸೇ" ಎನ್ನುತ್ತಿದ್ದ. ನಾನು ನೆಕ್ಕಿ, ಬೇಕು ಅಥವಾ ಸಾಕು ಎನ್ನುತ್ತಿದ್ದೆ. ಸೀಮೆಯ ಸಾರುಗಳೆಲ್ಲ ನನ್ನ ಅಪ್ಪಣೆ ಪಡೆದೇ ದೊರೆಯ ಮೇಜಿಗೆ ಹೋಗುತ್ತಿದ್ದವು. ಆ ಜಂಬದಲ್ಲಿ ಬೆಳೆದವಳನ್ನು ಗುಂಡ್ಲುಪೇಟೆಯ ಹತ್ತಿರ ಗಾಡಿ ಹೊಡೆಯುವವನಿಗೆ ಮದುವೆ ಮಾಡಿಕೊಟ್ಟರು. ಅಲ್ಲಿ ಅತ್ತೆ ಮಾಡಿದ್ದಕ್ಕೆ ಬೇಕು ಸಾಕು ಎನ್ನಲು ಹೋಗಿ ನಾನು ಅನುಭವಿಸಿದ್ದು ಇನ್ನೊಂದು ಕತೆ.

ಇತ್ತ ಅಪ್ಪನಿಗೆ ಉಪ್ಪು ನೋಡುವ ನಾಲಿಗೆ ಹೋಯಿತು. ದೊರೆಗೆ ಅದು ತಿಳಿಯಲೇ ಇಲ್ಲ. ಆದರೆ ದೊರೆ ರಜೆಗೆಂದು ಹಡಗು ಹತ್ತಿ ಹೋದವನು ಮದುವೆಯಾಗಿ ಬಂದ. ಹೆಂಡತಿ ಅಮೆರಿಕದವಳು, ಕಡಲ ದಂಡೆಯ ಊರಿನವಳು. ಸಣ್ಣಗೆ, ಉದ್ದಕ್ಕೆ, ಒಣಗಲು ಹಾಕಿದ ಪಂಚೆಯ ಹಾಗಿದ್ದಳು. ಮೊದಲ ದಿನವೇ ಸೂಪು ಬಾಯಿಗಿಟ್ಟು ಚಮಚ ಕೆಳಗಿಟ್ಟಳಂತೆ.

ನಾನು ಚೊಚ್ಚಲ ಹೆರಿಗೆಗೆಂದು ಹೊಟ್ಟೆ ಹೊತ್ತುಕೊಂಡು ತವರಿಗೆ ಬಂದಾಗ ಮನೆಯಲ್ಲಿ ಸಾವಿನ ಕಳೆ. ಅಪ್ಪ ಮೂಲೆಯಲ್ಲಿ ಕೂತಿದ್ದ. ಅಜ್ಜಿ, ಅಂದರೆ ಅಪ್ಪನ ತಾಯಿ, ಒಲೆಯ ಮುಂದೆ ಕೂತು ಊಟಿಯ ಚಳಿಗೂ ದೊರೆಸಾನಿಗೂ ಸೇರಿಸಿ ಶಾಪ ಹಾಕುತ್ತಿದ್ದಳು. ಆದದ್ದು ಇಷ್ಟು. ದೊರೆಸಾನಿಗೆ ತನ್ನ ಊರಿನ ಒಂದು ಸೂಪು ಬೇಕಂತೆ. ಹೆಸರು ಚೌಡರ್. ಅಜ್ಜಿ ಮಾತ್ರ ಅದನ್ನು ಚಿಪ್ಪಿನ ಪಾಯಸ ಎಂದೇ ಕರೆದಳು, ಕೊನೆಯವರೆಗೂ. ಅಪ್ಪ ಮಾಡಿದ ಪಾಯಸ ಒಮ್ಮೆ ಕೆಟ್ಟಿತ್ತು, ಇನ್ನೊಮ್ಮೆಯೂ ಕೆಟ್ಟಿತ್ತು. ಈ ಶನಿವಾರವೂ ಕೆಟ್ಟರೆ ಮದ್ರಾಸಿನಿಂದ ಬೇರೆ ಕುಕ್ಕು ಬರುತ್ತಾನೆ, ನಾವು ಲೈನುಮನೆ ಖಾಲಿ ಮಾಡಬೇಕು.

"ಈ ತುಂಬು ಬಸರೀನ ಗಾಡೀಲಿ ಹಾಕ್ಕಂಡು ಘಾಟಿ ಇಳಿಯಕ್ಕಾದದಾ?" ಎಂದು ಅಜ್ಜಿ ಕೇಳಿದಳು. ಅವ್ವ ಹೋದದ್ದು ಹೆರಿಗೆಯಲ್ಲಿ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಪ್ಪ ನನ್ನ ಹೊಟ್ಟೆ ನೋಡಿ, ತಕ್ಷಣ ಬೇರೆ ಕಡೆ ನೋಡಿದ.

ಈಗ ಚೌಡರ್ ಮಾಡುವುದು ಹೇಗೆಂದು ಹೇಳುತ್ತೇನೆ. ಹೆದರಬೇಡಿ, ಮಾಡಿ ಎಂದು ಬಲವಂತವಿಲ್ಲ. ಕೋಳಿಕ್ಕೋಡಿನ ಕಪ್ಪೆಚಿಪ್ಪುಗಳು ಒದ್ದೆ ಗೋಣಿಯಲ್ಲಿ ಬಸ್ಸಿನ ತಲೆಯ ಮೇಲೆ ಕೂತು ಬರುತ್ತವೆ. ಉಪ್ಪುನೀರಿನಲ್ಲಿ ನೆನೆಹಾಕಿದರೆ ಹೊಟ್ಟೆಯಲ್ಲಿರುವ ಮರಳನ್ನು ಉಗುಳುತ್ತವೆ. ಬೇಯಿಸುವ ಮೊದಲೇ ಬಾಯಿ ಬಿಟ್ಟುಕೊಂಡಿದ್ದರೆ ಅದು ಸತ್ತದ್ದು, ಬಿಸಾಡಬೇಕು. ಬೇಯಿಸಿದ ಮೇಲೂ ಬಾಯಿ ಬಿಡದಿದ್ದರೆ ಅದೂ ಕೆಟ್ಟದ್ದು, ಬಿಸಾಡಬೇಕು. ಸೊಸೆಯರ ವಿಷಯದಲ್ಲೂ ನನ್ನ ಅತ್ತೆಯದು ಇದೇ ಕಾನೂನು. ಉಪ್ಪು ಹಾಕಿಟ್ಟ ಹಂದಿಯ ಕೊಬ್ಬನ್ನು ಕರಗಿಸಿ, ಅದರಲ್ಲಿ ಈರುಳ್ಳಿ ಹುರಿದು, ಚಿಪ್ಪು ಬೆಂದ ನೀರು ಬಿಟ್ಟು, ನಮ್ಮೂರಿನ ಉರುಳಗಡ್ಡೆ ಹಾಕಿ ಬೇಯಿಸಬೇಕು. ಗಡ್ಡೆ ಮೆತ್ತಗಾದ ಮೇಲೆ ಹಾಲು, ಕೆನೆ, ಮೆಣಸಿನ ಪುಡಿ, ಕೊನೆಗೆ ಚಿಪ್ಪಿನ ಮಾಂಸ.

ಎಡವಟ್ಟಾದದ್ದು ಹಾಲಿನ ಹತ್ತಿರ. ಹಾಲು ಹಾಕಿದ ಮೇಲೆ ಕುದಿಸಬೇಡ ಎಂದು ದೊರೆಸಾನಿ ಹೇಳಿದ್ದಳು. ಕೈಯಾಡಿಸಿ, ಕಣ್ಣರಳಿಸಿ ಹೇಳಿದ್ದಳು. ಅಪ್ಪನಿಗೆ ಅರ್ಥವೂ ಆಗಿತ್ತು. ಆದರೆ ಉಕ್ಕದ ಹಾಲನ್ನು ಹಾಲೆಂದು ಯಾರಾದರೂ ಒಪ್ಪುತ್ತಾರೆಯೇ? ಹೊಸ ಮನೆಗೆ ಹೋದರೂ ಹಾಲು ಉಕ್ಕಬೇಕು, ಹಬ್ಬವಾದರೂ ಹಾಲು ಉಕ್ಕಬೇಕು. ಹಸಿಹಾಲು ಕೊಟ್ಟು ಪರದೇಶದ ಹೆಣ್ಣಿನ ಹೊಟ್ಟೆ ಕೆಡಿಸಿದ ಪಾಪ ಯಾರು ಹೊರುತ್ತಾರೆ?

"ಪಾಪ, ತಾಯಿಲ್ಲದ ಮಗಳು ಕಾಣ್ತದೆ. ಹಾಲು ಕಾಸಾದೂ ಯಾರೂ ಹೇಳ್ಕೊಟ್ಟಿಲ್ಲ" ಎಂದು ಮರುಗಿ, ಅಪ್ಪ ಪ್ರತಿ ಸಲವೂ ಚೌಡರನ್ನು ಮೂರು ಉಕ್ಕು ಬರುವಂತೆ ಭಕ್ತಿಯಿಂದ ಕುದಿಸುತ್ತಿದ್ದ. ಹಾಲು ಒಡೆದು ಗರಣೆ ಗರಣೆಯಾಗಿ ತೇಲುತ್ತಿತ್ತು. ಮೂಗಿಗೆ ಮಾತ್ರ ಘಮಘಮ ಎನ್ನುತ್ತಿತ್ತು. ಹಾಲು ಕೆಟ್ಟದ್ದೆಂದು ಅಪ್ಪ ಹಾಲಿನವನನ್ನು ಬೈದ. ಹಾಲಿನವನು ಕೊಟ್ಟದ್ದು ಅಮೃತದಂಥ ಎಮ್ಮೆಹಾಲು.

ಶನಿವಾರದ ಚೌಡರನ್ನು ಮನೆಯಲ್ಲೇ ಮಾಡುವುದೆಂದು ಅಪ್ಪ ತೀರ್ಮಾನಿಸಿದ. ಬಂಗಲೆಯಲ್ಲಿ ದೊರೆಸಾನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ನೋಡುವವರಿದ್ದರೆ ಅಪ್ಪನ ಮೂಗು ಕೆಲಸ ಮಾಡುತ್ತಿರಲಿಲ್ಲ. ಅವಳು ಹಾಗೆ ನೋಡನೋಡುತ್ತ ಒಂದು ಸಂಗತಿಯನ್ನು ಕಂಡುಕೊಂಡಿದ್ದಳು: ಈ ಅಡುಗೆಯವನು ತನ್ನ ಅಡುಗೆಯನ್ನು ಒಂದು ತೊಟ್ಟೂ ಬಾಯಿಗೆ ಹಾಕುವುದಿಲ್ಲ. ಏಕೆಂದು ಅವಳು ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಅನುಮಾನ ಮಾತ್ರ ಅವಳ ಮುಖದಲ್ಲಿ ಕಾಣುತ್ತಿತ್ತಂತೆ.

"ಉಪ್ಪು ನಾನು ನೋಡ್ತೀನಪ್ಪ" ಎಂದೆ.

ಅಜ್ಜಿ ಪೊರಕೆ ಹಿಡಿದು ಎದ್ದಳು. "ಹಾಲೂ ಮೀನೂ ಸೇರುದ್ರೆ ತೊನ್ನು ಹತ್ತದೆ ಕನೇ! ಹೊಟ್ಟೇಲಿರೋ ಕೂಸು ಬೆಳ್ಳಗೆ ಹುಟ್ತದೆ. ದೊರೆ ಬಂಗ್ಲೆ ಹಿತ್ತಲಲ್ಲಿದ್ದವ್ಳು ಬಿಳೀ ಕೂಸು ಹೆತ್ಲು ಅಂದ್ರೆ, ನಿನ್ ಗಂಡನಿಗೆ ಚಿಪ್ಪಿನ ಕತೆ ಹೇಳಿಯಾ? ನಂಬ್ತಾನಾ?"

ನನ್ನ ಗಂಡ ಅಷ್ಟು ದೊಡ್ಡ ಮನಸ್ಸಿನವನಲ್ಲ ಎಂಬುದು ನಿಜ. ಅಪ್ಪನಿಗೆ ಹರಕೆ, ನನಗೆ ಹೊಟ್ಟೆ, ಅಜ್ಜಿಗೆ ಮಡಿ. ಮನೆಯಲ್ಲಿ ಮೂರು ನಾಲಿಗೆ ಇದ್ದೂ ಉಪ್ಪು ನೋಡುವವರು ಇಲ್ಲದಂತಾಯಿತು.

ಹಂದಿಯ ಕೊಬ್ಬು ತನ್ನ ಒಲೆಗೆ ಬರಕೂಡದೆಂದು ಅಜ್ಜಿ ಹಟ ಹಿಡಿದಳು. ಅಂಗಳದಲ್ಲಿ ಮೂರು ಕಲ್ಲು ಇಟ್ಟೆವು. ಸೋಲೂರಿನ ಕಡೆಯ, ಈ ಬೆಟ್ಟದವರೇ ಆದ ಬಡಗರ ಹಟ್ಟಿಯಿಂದ ಜೋಗಿಗೌಡ ಹಾಲು ತಂದ. ದಿನವೂ ಬಂಗಲೆಗೆ ಹಾಲು ಹಾಕುವ ಮುದುಕ, ನನ್ನನ್ನು ಎತ್ತಿ ಆಡಿಸಿದವನು.

"ಒಳ್ಳಂಗ ಇದ್ದಿಯಾ, ಅಮ್ಮೆ?" ಎಂದು ನನ್ನ ಕ್ಷೇಮ ವಿಚಾರಿಸಿಕೊಂಡು, ಕಲ್ಲಿನ ಮೇಲಿದ್ದ ಪಾತ್ರೆಯೊಳಗಿನ ಹಂದಿಯ ಕೊಬ್ಬನ್ನು ಬಗ್ಗಿ ನೋಡಿದ. ಅವನ ಮುಖ ಕಿವುಚಿಕೊಂಡಿತು. ಹಾಲಿನ ಚೊಂಬನ್ನು ಎದೆಗೆ ಒತ್ತಿಕೊಂಡು ನಿಂತ. ನನ್ನ ಹೊಟ್ಟೆಯನ್ನು ನೋಡಿ, ಶನಿವಾರದ ಕತೆಯನ್ನೆಲ್ಲ ಕೇಳಿ, ಕೊನೆಗೆ ಚೊಂಬನ್ನು ಅಜ್ಜಿಯ ಕೈಗೇ ಕೊಟ್ಟ.

"ಹಾಲು ಕಿಚ್ಚುಗ ಬೀಳಬಾರ. ಬಿದ್ದಲೆ ಎನ್ನ ಎಮ್ಮೆಗ ಕೇಡು" ಎಂದ. ಉಕ್ಕಿದ ಹಾಲು ಬೆಂಕಿಗೆ ಬಿದ್ದರೆ ಕರೆಯುವ ಎಮ್ಮೆಯ ಕೆಚ್ಚಲು ಬತ್ತುತ್ತದೆ ಎಂಬುದು ಅವರ ಕಡೆಯ ನಂಬಿಕೆ, ನಮ್ಮ ಅಜ್ಜಿಯದೂ ಅದೇ. ಮುದುಕ ಮುದುಕಿ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧವೇ ತಿಳಿಯುತ್ತಿತ್ತು, ಆದರೆ ಎಮ್ಮೆಯ ವಿಷಯದಲ್ಲಿ ಪೂರ್ತಿ ತಿಳಿಯಿತು.

ಅಪ್ಪ ಅಂದು ಚೆನ್ನಾಗಿ ಶುರುಮಾಡಿದ. ಕೊಬ್ಬು ಕರಗಿತು, ಈರುಳ್ಳಿ ಕೆಂಪಗಾಯಿತು, ಗಡ್ಡೆ ಬೆಂದಿತು. ಹಾಲು, ಕೆನೆ ಸುರಿದಾಗ ಪಾತ್ರೆ ತುಂಬ ಬೆಳ್ಳಗೆ, ನುಣ್ಣಗೆ, ನೋಡಲು ಮುದ್ದಾಗಿತ್ತು. ಅಪ್ಪ ಸೌದೆ ಮುಂದಕ್ಕೆ ತಳ್ಳಿ, ಉಕ್ಕು ಬರಲೆಂದು ಕೈ ಕಟ್ಟಿ ನಿಂತ. ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಅಜ್ಜಿ ಸೆರಗಿನ ತುದಿಯಲ್ಲಿ ಪಾತ್ರೆಯ ಕಂಠ ಹಿಡಿದು ಥಟ್ಟನೆ ಕೆಳಗಿಳಿಸಿಬಿಟ್ಟಳು.

"ಅವ್ವಾ! ಇನ್ನೂ ಉಕ್ಕಿಲ್ಲ!"

"ಉಕ್ಕಬಾರ್ದು ಕಣ್ಲಾ! ಒಳ್ಳೇದಕ್ಕೆ ಉಕ್ಕೋ ಹಾಲು, ಈ ಹೊಲಸಿನ ಜೊತೆ ಉಕ್ಕೀತಾ? ಚೆಲ್ಲಿ ಬೆಂಕಿಗೆ ಬಿದ್ರೆ ಗೌಡನ ಎಮ್ಮೆ ಗತಿ ಏನು?"

"ಹಸೀಹಾಲು ಕನವ್ವ! ದೊರೆಸಾನಿ ಹೊಟ್ಟೆ ಕೆಟ್ಟೋಯ್ತದೆ!"

"ಕೆಡ್ಲಿ ಬುಡು. ಎಮ್ಮೆ ನೆಟ್ಟಗಿರ್ಲಿ."

ಪಾತ್ರೆಯ ಒಂದು ಕಡೆ ಅಪ್ಪ, ಇನ್ನೊಂದು ಕಡೆ ಅಜ್ಜಿ. ತಾಯಿ ಮಗ ಅಮೆರಿಕದ ಸೂಪಿಗಾಗಿ ಹಗ್ಗ ಎಳೆಯುವವರಂತೆ ಎಳೆದಾಡುತ್ತಿದ್ದಾಗ, ಗಲಾಟೆ ಕೇಳಿ ದೊರೆಸಾನಿಯೇ ಅಂಗಳಕ್ಕೆ ಬಂದಳು. ಲೈನುಮನೆಗಳ ಕಡೆ ಅವಳು ಕಾಲಿಟ್ಟದ್ದು ಅದೇ ಮೊದಲು. ಇಬ್ಬರೂ ಪಾತ್ರೆ ಬಿಟ್ಟರು. ಅವಳು ಬಗ್ಗಿ ನೋಡಿದಳು. ಒಂದೂ ಗರಣೆಯಿಲ್ಲ. ಅವಳ ಮುಖ ನೋಡಬೇಕಿತ್ತು ನೀವು. ಅಲ್ಲಿಯವರೆಗೆ ನಾನು ಅವಳನ್ನು ಮನುಷ್ಯಳೆಂದು ಅಷ್ಟಾಗಿ ಎಣಿಸಿರಲಿಲ್ಲ. ಪಾತ್ರೆಯ ಹಬೆಗೆ ಮುಖವೊಡ್ಡಿ ನಿಂತಾಗ, ತವರಿನ ಬಾಗಿಲಿಗೆ ಬಂದ ಯಾವ ಮಗಳ ಮುಖವೂ ಹಾಗೇ ಇರುತ್ತದೆ ಅನ್ನಿಸಿತು.

ಅಪ್ಪ ಬಟ್ಟಲಿಗೆ ಬಡಿಸಿ, ಚಮಚ ಇಟ್ಟು ಕೊಟ್ಟ. ಅವಳು ಚಮಚವನ್ನು ತುಟಿಯವರೆಗೆ ತಂದು ತಡೆದಳು. ಅಪ್ಪನನ್ನು ನೋಡಿದಳು. ಅನುಮಾನ ಮತ್ತೆ ಬಂದು ಮುಖದಲ್ಲಿ ಕೂತಿತು. ತಾನು ಮಾಡಿದ್ದನ್ನು ಎಂದೂ ಬಾಯಿಗಿಡದವನು, ಇವತ್ತು ಬಂಗಲೆಯ ಕಣ್ಣುತಪ್ಪಿಸಿ ಹಿತ್ತಲಲ್ಲಿ ಬೇಯಿಸಿದ್ದಾನೆ. ಇದರೊಳಗೆ ಏನಿದೆಯೋ ಎಂದು ಅವಳಿಗೆ ಅನ್ನಿಸಿದ್ದರಲ್ಲಿ ತಪ್ಪೇನು? ಬಟ್ಟಲನ್ನು ಅಪ್ಪನ ಕಡೆಗೇ ಚಾಚಿದಳು.

"ನೀ ಸಾಪ್ಪಿಡು" ಎಂದಳು. ಅವಳಿಗೆ ಬರುತ್ತಿದ್ದ ನಾಲ್ಕು ತಮಿಳು ಮಾತಿನಲ್ಲಿ ಅದೊಂದು. ನೀನು ಮೊದಲು ತಿನ್ನು.

ಅಪ್ಪ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಒಂದು ಚಮಚ ತಿಂದರೆ ಕೆಲಸ ಉಳಿಯುತ್ತದೆ, ಸೂರು ಉಳಿಯುತ್ತದೆ, ನಾನು ಬೆಚ್ಚಗೆ ಇಲ್ಲೇ ಹೆರುತ್ತೇನೆ. ಆದರೆ ಆ ಒಂದು ಚಮಚದಲ್ಲಿ ಹರಕೆ ಮುರಿಯುತ್ತದೆ. ಮುರಿದ ಹರಕೆಗೆ ಮಾದಪ್ಪ ಯಾರನ್ನು ಕೇಳುತ್ತಾನೆಂದು ಅಪ್ಪನಿಗೆ ಗೊತ್ತಿತ್ತು. ನಾನು ಹೊಸಿಲ ಮೇಲೆ ಕೂತಿದ್ದೆ. ಅಪ್ಪ ನನ್ನನ್ನು ನೋಡಿದ, ನನ್ನ ಹೊಟ್ಟೆಯನ್ನು ನೋಡಿದ. ಆಮೇಲೆ ಬಟ್ಟಲನ್ನು ಕಲ್ಲಿನ ಮೇಲಿಟ್ಟು, ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ನೋ, ಮೇಡಂ" ಎಂದ. ಅಪ್ಪ ಬಿಳಿಯರಿಗೆ ಇಲ್ಲ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ದೊರೆಸಾನಿಯ ಮುಖ ಬಿಗಿಯಿತು. ಅವಳು ತಿರುಗುವಷ್ಟರಲ್ಲಿ ನಾನು ಎದ್ದೆ. ಎದ್ದೆ ಎಂದರೆ ಸುಲಭವಾಗಿ ಕೇಳಿಸುತ್ತದೆ. ಆ ಹೊಟ್ಟೆಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಉಸ್ ಎಂದು, ಗೋಡೆಗೆ ಆತು ಎದ್ದೆ. ಬಟ್ಟಲು ಎತ್ತಿಕೊಂಡೆ.

"ಬ್ಯಾಡ ಕನೇ! ಹಾಲೂ ಮೀನೂ!" ಎಂದು ಅಜ್ಜಿ ಚೀರಿದಳು.

ಒಂದು ಚಮಚ ತಿಂದೆ. ದೊರೆಸಾನಿಗೆ ಬೇಕಾಗಿದ್ದುದು ಅಷ್ಟೇ. ಆದರೆ ಬಸುರಿಯ ಬಾಯಿ ನೋಡಿ, ಒಂದಕ್ಕೆ ನಿಲ್ಲಲಿಲ್ಲ. ಗಡ್ಡೆ ಬಾಯಲ್ಲೇ ಕರಗಿತು, ಕೆನೆ ಗಂಟಲಲ್ಲಿ ಜಾರಿತು, ಚಿಪ್ಪಿನ ಮಾಂಸ ಹಲ್ಲಿಗೆ ಸಿಕ್ಕಿ ಇನ್ನಷ್ಟು ಅಗಿ ಎಂದಿತು. ಹೆದರಿಕೆಯೆಲ್ಲ ಮರೆತುಹೋಯಿತು. ಬಟ್ಟಲು ಬಗ್ಗಿಸಿ ತಳ ಕಾಣುವವರೆಗೂ ಕುಡಿದು, ಮುಂಗೈಯಲ್ಲಿ ಬಾಯಿ ಒರೆಸಿಕೊಂಡು ಹೇಳಿದೆ:

"ಉಪ್ಪು ಬೇಕಪ್ಪ."

ದೊರೆಸಾನಿ ನನ್ನನ್ನೊಮ್ಮೆ ಅಪ್ಪನನ್ನೊಮ್ಮೆ ನೋಡಿದಳು. ಅಪ್ಪ ತನ್ನ ಬಟ್ಲರ್ ಇಂಗ್ಲಿಷನ್ನೆಲ್ಲ ಕೂಡಿಸಿಕೊಂಡ. "ದಿಸ್ ಮೈ ಡಾಟರ್, ಮೇಡಂ. ಸ್ಮಾಲ್ ಟೈಮ್ ಬಿಗ್ ಫೀವರ್. ಐ ಟೆಲ್ ಗಾಡ್, ನೋ ಮೀಟ್, ನೋ ಫಿಶ್. ಗಾಡ್ ಗಿವ್ ಡಾಟರ್." ಅಷ್ಟು ಹೇಳಿ, ಇನ್ನೇನು ಸೇರಿಸಬೇಕೋ ತಿಳಿಯದೆ, "ಓನ್ಲಿ ಡಾಟರ್" ಎಂದ.

ಅವಳು ನಮ್ಮ ಹೊಸಿಲ ಮೇಲೆ, ನಾನು ಕೂತಿದ್ದ ಜಾಗದಲ್ಲೇ ಕೂತಳು. ಬಟ್ಟಲಿಗೆ ಇನ್ನಷ್ಟು ಬಡಿಸಿಕೊಂಡು, ಅಪ್ಪ ತಂದ ಉಪ್ಪನ್ನು ಚಿಟಿಕೆಯಲ್ಲಿ ಉದುರಿಸಿಕೊಂಡು, ತಿಂದಳು. ಆಮೇಲೆ ಇನ್ನೊಮ್ಮೆ ತಿಂದಳು. ಮೂಗು ಕೆಂಪಗಾಗಿತ್ತು. ಚಳಿಗೋ ಏನೋ, ನಾವು ಕೇಳಲಿಲ್ಲ. ಅವಳು ಹೋದ ಮೇಲೆ ಅಜ್ಜಿ ಹೊಸಿಲಿಗೆ ನೀರು ಹಾಕಿ ಸಾರಿಸಿ, ಆ ಪಾತ್ರೆಯನ್ನು ಬೂದಿ, ಹುಣಿಸೆಹಣ್ಣು, ಕೈಗೆ ಸಿಕ್ಕಿದ್ದೆಲ್ಲ ಹಾಕಿ ತಿಕ್ಕಿದಳು. ಮದ್ರಾಸಿನ ಕುಕ್ಕಿನ ಮಾತು ಮತ್ತೆ ಏಳಲಿಲ್ಲ. ಮರುದಿನದಿಂದ ಬಂಗಲೆಯ ಸೌಟುಗಳು ಮೊದಲಿನಂತೆ ಅಂಗಳ ದಾಟಿ ನನ್ನ ಹತ್ತಿರ ಬರತೊಡಗಿದವು.

ಮಗ ಹುಟ್ಟಿದ. ಅಜ್ಜಿ ಅವನನ್ನು ಬಿಸಿಲಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಬೆರಳ ಸಂದಿಯನ್ನೂ ಬಿಡದೆ ಹುಡುಕಿದಳು. ಬಿಳಿಯ ಚುಕ್ಕೆ ಒಂದೂ ಸಿಗಲಿಲ್ಲ. ಅಚ್ಚುಕಟ್ಟಾಗಿ ಅವರಪ್ಪನಷ್ಟೇ ಕಪ್ಪು. "ಎಮ್ಮೆಹಾಲಲ್ವಾ, ಅದಕ್ಕೆ" ಎಂದು ಅಜ್ಜಿ ಆ ಗೆಲುವನ್ನೂ ಜೋಗಿಗೌಡನ ಎಮ್ಮೆಯ ಲೆಕ್ಕಕ್ಕೆ ಬರೆದಳು.

ಕೂಸು ಮಗುಚಿಕೊಳ್ಳುವ ಹೊತ್ತಿಗೆ ಅಜ್ಜಿಯೇ ಅಪ್ಪನಿಗೆ ಹೇಳಿದಳು. "ಮಗಳು ಉಳುದ್ಲು, ಬೆಳುದ್ಲು, ಹೆತ್ಲು. ಇನ್ನೆಷ್ಟು ದಿನ್ಲಾ ಮೂಸ್ಕಂಡು ಬದುಕೀಯೆ? ಬೆಟ್ಟಕ್ಕೋಗಿ ಹರಕೆ ಒಪ್ಪಿಸ್ಬುಟ್ಟು ಬಾ."

ಅಪ್ಪ ದೊರೆಸಾನಿಯ ಹತ್ತಿರ ರಜೆ ಕೇಳಿದ. ಯಾವುದಕ್ಕೆಂದು ತಿಳಿದು ಅವಳಿಗೆ ಅಪ್ಪನಿಗಿಂತ ಹೆಚ್ಚು ಸಂಭ್ರಮ. ಅಪ್ಪ ಬರುವ ದಿನಕ್ಕೆಂದು ಅವಳೇ ಕೋಳಿಕ್ಕೋಡಿನಿಂದ ಗೋಣಿ ತರಿಸಿ, ನಮ್ಮ ಮನೆಗೆ ಕಳಿಸಿದಳು. ನಾನೇ ಚೌಡರ್ ಮಾಡಿದೆ. ಅಜ್ಜಿ ಮೂಗಿಗೆ ಸೆರಗು ಅಡ್ಡ ಹಿಡಿದುಕೊಂಡೇ, ಸರಿಯಾದ ಹೊತ್ತಿಗೆ ಪಾತ್ರೆ ಇಳಿಸಿಕೊಟ್ಟಳು. ಅಪ್ಪ ತಲೆ ಬೋಳಿಸಿಕೊಂಡು, ಹಣೆತುಂಬ ವಿಭೂತಿ ಬಳಿದುಕೊಂಡು, ಬಿಸಿಲಿಗೆ ಇನ್ನಷ್ಟು ಒಣಗಿಕೊಂಡು ಬಂದ. ಕಾಲು ತೊಳೆದು ಕೂತ. ನಾನು ಬಟ್ಟಲು ಮುಂದಿಟ್ಟೆ. ಅಪ್ಪ ಏನನ್ನಾದರೂ ಬಾಯಿಗಿಟ್ಟು, ಹೇಗಿದೆ ಎಂದು ನನಗೆ ಹೇಳುವುದನ್ನು ಕೇಳಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದು ಆಗಲೇ ತಿಳಿದದ್ದು.

ಅಪ್ಪ ಬಟ್ಟಲನ್ನು ಎತ್ತಿ ಮೂಗಿನ ಹತ್ತಿರ ಹಿಡಿದ. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡ. "ಪಸಂದಾಗದೆ" ಎಂದು ಬಟ್ಟಲನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದ.

"ಯಾಕ್ಲಾ, ಒಪ್ಪಿಸ್ಲಿಲ್ವಾ?" ಎಂದಳು ಅಜ್ಜಿ.

"ಒಪ್ಪಿಸ್ದೆ ಕನವ್ವ. ಮುಡಿ ಕೊಟ್ಟೆ, ದೀಪ ಹಚ್ದೆ. ಎಲ್ಲ ತೀರ್ತು ಹೋಗು ಅಂದ್ರು." ಅಪ್ಪ ಬೋಳು ತಲೆ ಸವರಿಕೊಂಡ. "ಮೆಟ್ಲಿಳೀವಾಗ ಈ ಹೈದನ ನೆಪ್ಪಾಯ್ತು. ತಿರ್ಗ ಹತ್ತೋಗಿ, ಇವನ ಹೆಸರ್ಲಿ ಅದೇ ಹರಕೆ ಕಟ್ಕಂಡು ಬಂದೆ."

ಅಜ್ಜಿ ಹಣೆ ಚಚ್ಚಿಕೊಂಡಳು. ನನಗೆ ಸಿಟ್ಟು ಬಂತು, ಅಳು ಬಂತು, ಯಾವುದನ್ನು ಮೊದಲು ಮಾಡುವುದೋ ತಿಳಿಯಲಿಲ್ಲ. ಮಗ ಚಾಪೆಯ ಮೇಲೆ ಕಾಲು ಬಡಿಯುತ್ತ ತನ್ನ ಹೆಬ್ಬೆರಳು ಚೀಪಿಕೊಂಡು ಮಲಗಿದ್ದ. ಅವನಿಗೆ ಒಂದು ನೆಗಡಿಯೂ ಇರಲಿಲ್ಲ.